ಸೀನಣ್ಣನ ನೀಲಿ ಪದರ

ಪರೇಲಿನ ಶ್ರೀ ಸುಮುಖ ಲಂಚ್ ಹೋಮಿನಲ್ಲಿ ಸೀನಣ್ಣನಿಗೆ ಇಂಥದೇ ಎಂದು ಒಂದು ಕೆಲಸವಿಲ್ಲ. ಮೊಣಕಾಲು ಸರಿಯಿದ್ದ ಕಾಲದಲ್ಲಿ ಎಡಗೈಯ ಮೇಲೆ ಮೊಣಕೈವರೆಗೆ ದೋಸೆಯ ಪ್ಲೇಟು ಜೋಡಿಸಿಕೊಂಡು ಗಿರಾಕಿಗಳ ನಡುವೆ ನುಸುಳುತ್ತಿದ್ದವನು. ಈಗ ಗಲ್ಲಾದ ಪಕ್ಕ ಸ್ಟೂಲ್ ಹಾಕಿಕೊಂಡು ಕೂತು ಬಡೇಸೋಪಿನ ಬಟ್ಟಲು ತುಂಬುತ್ತಾನೆ, ಪೇಪರ್ ನ್ಯಾಪ್‌ಕಿನ್ ಮಡಚಿ ಗ್ಲಾಸಿನಲ್ಲಿ ಸಿಕ್ಕಿಸುತ್ತಾನೆ, ಹೋಗಿ ಬರುವವರಿಗೆಲ್ಲ ತಲೆಯಾಡಿಸುತ್ತಾನೆ. ಮಲಗುವುದು ಅಡುಗೆಮನೆಯ ಮೇಲಿನ ಅಟ್ಟದಲ್ಲಿ. ಆ ಏಣಿ ಹತ್ತುವಾಗ ಅವನ ಮುಖ ನೋಡಬಾರದು, ನಮಗೇ ಮಂಡಿ ನೋಯುತ್ತದೆ.

ಮದುವೆಯಾಗಲಿಲ್ಲ. ಉಡುಪಿ ಕಡೆಯ ಊರಿನಲ್ಲಿ ವಾರಿಜ ಎಂಬ ಅಕ್ಕ ಇದ್ದಳು, ಅವಳು ತೀರಿಕೊಂಡ ಮೇಲೆ ಮೇ ತಿಂಗಳಲ್ಲಿ ಊರಿಗೆ ಹೋಗುವುದೂ ನಿಂತಿತು. ಮೊದಲು ಹೋಟೆಲಿನ ತುಂಬ ಅವನ ಕಡೆಯ ಹುಡುಗರೇ ಇದ್ದರು, ತುಳುವಿನಲ್ಲಿ ಬೈಯುವುದಕ್ಕೂ ನಗುವುದಕ್ಕೂ ಜನವಿತ್ತು. ಈಗಿನ ಹುಡುಗರು ಬಿಹಾರದವರು, ಬಂಗಾಳದವರು. ಒಳ್ಳೆಯವರೇ. ಆದರೆ ಸೀನಣ್ಣನ ಹಿಂದಿ ಚಟ್ನಿ, ಸಾಂಬಾರು, ನೀರು ಇವುಗಳನ್ನು ದಾಟಿ ಹೋಗುವುದಿಲ್ಲ. ಮನಸ್ಸಿನ ಮಾತಿಗೆ ಆ ಹಿಂದಿ ಸಾಲದು.

ನಾನು ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಮಾಸ್ತರನಾಗಿದ್ದವನು. ಶಾಲೆ ಮುಚ್ಚಿತು, ನಾನು ನಿವೃತ್ತನಾದೆ, ಹೆಂಡತಿಯೂ ಹೋದಳು. ಮಧ್ಯಾಹ್ನದ ಊಟಕ್ಕೆ ಘಾಟ್ಕೋಪರಿನಿಂದ ಲೋಕಲ್ ಹಿಡಿದು ಸುಮುಖಕ್ಕೆ ಬರುತ್ತೇನೆ. ಘಾಟ್ಕೋಪರಿನಲ್ಲಿ ಹೋಟೆಲುಗಳಿಲ್ಲವೇ ಎಂದು ಮಗಳು ಫೋನಿನಲ್ಲಿ ಗದರುತ್ತಾಳೆ. ಬೇಕಾದಷ್ಟಿವೆ. ಆದರೆ ಅಲ್ಲಿ ನಾನು ತಡವಾಗಿ ಬಂದರೆ ಯಾಕೆ ತಡ ಎಂದು ಕೇಳುವವರಿಲ್ಲ. ಸೀನಣ್ಣ ಕೇಳುತ್ತಾನೆ.

ಈ ವರ್ಷ ಮಳೆ ಕಡಿಮೆಯಾಗುತ್ತಿದ್ದಂತೆ ಹೋಟೆಲಿನ ಮಾಲೀಕ ಪ್ರಶಾಂತ ಶೆಟ್ಟಿಗೆ ಹೋಟೆಲನ್ನು ಹಳೆಯದಾಗಿ ಕಾಣಿಸುವ ಹುಚ್ಚು ಹಿಡಿಯಿತು. ಮಿಲ್ಲುಗಳಿದ್ದ ಜಾಗದಲ್ಲೆಲ್ಲ ಗಾಜಿನ ಕಟ್ಟಡಗಳೆದ್ದಿವೆ, ಅಲ್ಲಿಂದ ಕೊರಳಿಗೆ ಐಡಿ ಕಾರ್ಡ್ ಹಾಕಿಕೊಂಡು ಊಟಕ್ಕೆ ಬರುವವರಿಗೆ ಹಳೆಯದೆಂದರೆ ಪ್ರೀತಿಯಂತೆ. ಹೊಸದಾಗಿದ್ದ ಕುರ್ಚಿಗಳು ಹೋಗಿ ಹಳೆಯ ಮರದ ಕುರ್ಚಿಗಳು ಬಂದವು. ಸೊಂಟ ನೋವಿನವನಾದ ನನಗೆ ಸಿಟ್ಟು ಬಂತು, ಆದರೆ ನನ್ನ ಸೊಂಟವನ್ನು ಕೇಳುವವರು ಯಾರು? ಪ್ರಶಾಂತ ಕೆಟ್ಟವನಲ್ಲ. ಇಲ್ಲೇ ಹುಟ್ಟಿ ಇಂಗ್ಲಿಷಿನಲ್ಲಿ ಓದಿದವನು, ಕನ್ನಡ ಅರ್ಥವಾಗುತ್ತದೆ, ಮಾತಾಡಲು ಹೋದರೆ ಹಿಂದಿ ನುಗ್ಗಿ ಬರುತ್ತದೆ. ಸೀನಣ್ಣನ ಕಾಲನ್ನು ಡಾಕ್ಟರಿಗೆ ತೋರಿಸಿದ್ದೂ ಅವನೇ, ಕೆಲಸ ಮಾಡಲಾಗದವನನ್ನು ಅಟ್ಟದಲ್ಲಿ ಇಟ್ಟುಕೊಂಡಿರುವುದೂ ಅವನೇ.

ಹಳೆಯದರ ಹುಚ್ಚು ಕೊನೆಗೆ ಬೋರ್ಡಿಗೆ ಬಂತು. ಬಾಗಿಲ ಮೇಲಿನ ಉದ್ದನೆಯ ತಗಡಿನ ಬೋರ್ಡಿನಿಂದ ಪ್ಲಾಸ್ಟಿಕ್ ಸ್ಟಿಕ್ಕರ್ ಕಿತ್ತಾಗ ಒಳಗೆ ಹಸಿರು ಬಣ್ಣ ಕಂಡಿತು. ಹಸಿರಿನ ಚಕ್ಕೆ ಎದ್ದಲ್ಲಿ ನೀಲಿ, ನೀಲಿ ಎದ್ದಲ್ಲಿ ಕೆಂಪು. ಆ ಕೆಂಪು ಬೋರ್ಡಿನ ಕೆಳಗೆ ನಿಂತು ಪ್ರಶಾಂತನ ಅಜ್ಜ ತೆಗೆಸಿಕೊಂಡ ಫೋಟೋ ಗಲ್ಲಾದ ಹಿಂದೆ ತೂಗುತ್ತಿದೆ. ಪ್ರಶಾಂತನಿಗೆ ಅದೇ ಬೋರ್ಡು ಬೇಕು, ಹೊಸದಾಗಿ ಬರೆಸಿದ್ದಲ್ಲ, ಅಜ್ಜನ ಕಾಲದ್ದೇ. ಒಬ್ಬ ಪೇಂಟರ್ ಬಂದು ಮೂಲೆಯಲ್ಲಿ ಕೆರೆದು ನೋಡಿದ, ಎಲ್ಲ ಬಣ್ಣವೂ ಒಟ್ಟಿಗೆ ಎದ್ದು ತಗಡು ಹೊಳೆಯಿತು. ಆಗ ಪ್ರಶಾಂತನಿಗೆ ಭಾಂಡುಪಿನಲ್ಲಿ ಲೇಸರ್ ಕೆಲಸದ ಗಾಲಾ ಇಟ್ಟಿರುವ ಕಾಲೇಜು ಗೆಳೆಯನ ನೆನಪಾಯಿತು. ಅಲ್ಲಿ ಬೆಳಕಿನಿಂದ ಒಂದೊಂದೇ ಪದರ ತೆಗೆಯುತ್ತಾರಂತೆ, ಕೆಳಗಿನದಕ್ಕೆ ಏನೂ ಆಗುವುದಿಲ್ಲವಂತೆ.

ಯಾವ ಬಣ್ಣದ ಅಡಿಯಲ್ಲಿ ಯಾವ ಬಣ್ಣವಿದೆ ಎಂದು ಬಲ್ಲವನು ಸೀನಣ್ಣನೊಬ್ಬನೇ ಆದ್ದರಿಂದ ಬೋರ್ಡಿನ ಜೊತೆ ಟೆಂಪೋದಲ್ಲಿ ಹೋಗುವ ಕೆಲಸ ಅವನಿಗೆ ಬಿತ್ತು. ನೀವೂ ಬನ್ನಿ ಮಾಸ್ಟ್ರೆ ಎಂದ. ಹಿಂದಿನ ದಿನದಿಂದಲೇ ಅವನು ಸರಿಯಾಗಿ ಊಟ ಮಾಡಿರಲಿಲ್ಲ. ಟೆಂಪೋದಲ್ಲಿ ಕಾಲು ನೀಡಿಕೊಂಡು, ಗೋಣಿಚೀಲ ಸುತ್ತಿದ ಬೋರ್ಡಿನ ಮೇಲೆ ಒಂದು ಕೈ ಇಟ್ಟುಕೊಂಡೇ ಕೂತಿದ್ದ. ಕಾಲು ನೋವಿರಬೇಕು ಎಂದುಕೊಂಡೆ.

ಗಾಲಾ ಎಂದರೆ ಹಳೆಯ ಕಾರ್ಖಾನೆಯ ಕಟ್ಟಡದೊಳಗಿನ ಒಂದು ದೊಡ್ಡ ಕೋಣೆ. ಮಶೀನ್ ನಡೆಸುವವನು ಈರಣ್ಣ, ವಿಜಯಪುರದ ಕಡೆಯವನು, ನಲವತ್ತರ ಆಸುಪಾಸು. ಅವನ ದಿನದ ಕೆಲಸ ಬೇರೆಯೇ: ಆಸ್ಪತ್ರೆಗೆ ಹೋಗುವ ಕೂದಲೆಳೆಯಂಥ ತಂತಿಗಳ ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನು ತಂತಿಗೆ ಗೀರು ಬೀಳದಂತೆ ತೆಗೆಯುವುದು. ಹೋಟೆಲಿನ ಬೋರ್ಡು ನೋಡಿ ಅವನಿಗೆ ನಗು ಬಂತು. ಕನ್ನಡದವರು ಬಂದಿದ್ದಾರೆಂದು ಖುಷಿಯೂ ಆಯಿತು, ಚಹಾ ತರಿಸಿದ.

ಮಶೀನು ನೋಡಿದರೆ ಏನೂ ಅನ್ನಿಸುವುದಿಲ್ಲ. ಬಣ್ಣದ ಗಾಜಿನ ಕಿಟಕಿಯಿರುವ ದೊಡ್ಡ ಬೀರು, ಅಷ್ಟೇ. ಬೋರ್ಡನ್ನು ಅದರೊಳಗೆ ಮಲಗಿಸಿ ಬಾಗಿಲು ಹಾಕಿದ ಮೇಲೆ ಈರಣ್ಣ ತಿಳಿಸಿ ಹೇಳಿದ. ಈ ಬೆಳಕು ಒಂದೇ ಸಮನೆ ಉರಿಯುವುದಿಲ್ಲ, ಹೊಡೆಯುತ್ತದೆ. ಕಣ್ಣು ಮಿಟುಕಿಸುವುದರೊಳಗೆ ಸಾವಿರಾರು ಸಾರಿ. ಒಂದೊಂದು ಹೊಡೆತವೂ ಎಷ್ಟು ಚುಟುಕೆಂದರೆ ಬಿಸಿ ಪಕ್ಕಕ್ಕಾಗಲಿ ಕೆಳಕ್ಕಾಗಲಿ ಹರಡಲು ಸಮಯವೇ ಸಿಗುವುದಿಲ್ಲ. ಬಣ್ಣ ಕರಗುವುದೂ ಇಲ್ಲ, ಸುಡುವುದೂ ಇಲ್ಲ, ಇದ್ದಲ್ಲಿಂದ ಆವಿಯಾಗಿ ಹಾರಿಬಿಡುತ್ತದೆ. ಬೆಳಕು ಒಂದು ಸಲ ಸುತ್ತಿ ಬಂದರೆ ಕೂದಲಿನ ದಪ್ಪದಲ್ಲಿ ಎಷ್ಟೋ ಪಾಲಿನ ಒಂದು ಪಾಲು ಹೋಗುತ್ತದೆ. ಪ್ರತಿ ಬಣ್ಣಕ್ಕೂ ತಡೆದುಕೊಳ್ಳುವ ತಾಕತ್ತು ಬೇರೆ ಬೇರೆ, ಅದನ್ನು ನೋಡಿಕೊಂಡು ಬೆಳಕಿನ ಬಲ ಇಟ್ಟರೆ ಮೇಲಿನದು ಹೋಗುತ್ತದೆ, ಕೆಳಗಿನದು ಉಳಿಯುತ್ತದೆ.

ಕೆಲಸ ಶುರುಮಾಡುವ ಮೊದಲು ಅವರದೊಂದು ಪದ್ಧತಿಯಿದೆ. ಒಂದು ಅಂಚಿನಲ್ಲಿ ಸಾಲಾಗಿ ಚೌಕಗಳನ್ನು ತೆಗೆಯುತ್ತಾರೆ, ಒಂದಕ್ಕಿಂತ ಒಂದು ಆಳ, ಮೆಟ್ಟಿಲಿಳಿದ ಹಾಗೆ. ಯಾವ ಮೆಟ್ಟಿಲಿಗೆ ನಿಲ್ಲಿಸಬೇಕೆಂದು ಗಿರಾಕಿ ಹೇಳಬೇಕು, ಆಮೇಲೇ ಮುಂದಿನದು. ಗಾಜಿನಾಚೆ ಒಂದು ನೀಲಿ ಕಿಡಿ ಓಡಾಡಿತು, ಎಣ್ಣೆಯಲ್ಲಿ ಸಾಸಿವೆ ಸಿಡಿದಂಥ ಸಣ್ಣ ಸದ್ದು. ಬಾಗಿಲು ತೆರೆದಾಗ ಅಂಗೈಯಗಲದ ಚೌಕಗಳು ಕಂಡವು: ಹಸಿರು, ಆಮೇಲೆ ನೀಲಿ, ಆಮೇಲೆ ಕೆಂಪು. ನೀಲಿ ಚೌಕದಲ್ಲಿ ಹಳದಿ ಅಕ್ಷರದ ಒಂದು ತುಂಡು. ಲಂಚ್ ಎಂಬುದರ ಲ ಇರಬೇಕು, ಹೊಟ್ಟೆ ಬಂದವನು ನೆಲದಿಂದ ಏಳಲಾಗದೆ ಕೂತಂತೆ ಇತ್ತು. ಇಷ್ಟು ವರ್ಷ ಮಕ್ಕಳ ಕಾಪಿ ತಿದ್ದಿದ ಬಾಯಿ ಸುಮ್ಮನಿರಬೇಕಲ್ಲ, ಇದು ಯಾವ ಪುಣ್ಯಾತ್ಮನ ಕೈಬರಹವಪ್ಪಾ ಎಂದೆ.

ಸೀನಣ್ಣ ಬೆರಳ ತುದಿಯಿಂದ ಆ ಚೌಕ ಮುಟ್ಟಿದ. "ತಣ್ಣಗೆ ಉಂಟು," ಎಂದ. ಆಮೇಲೆ ನನ್ನ ಕಡೆ ನೋಡದೆ, "ನನ್ನದೇ ಮಾಸ್ಟ್ರೆ. ನಾನೇ ಬರ್ದದ್ದು," ಎಂದ.

ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಚಹಾ ಆರುವವರೆಗೆ ಅವನು ಹೇಳಿದ್ದು ಇಷ್ಟು. ಮಿಲ್ಲುಗಳ ದೊಡ್ಡ ಮುಷ್ಕರ ಮುಗಿಯದೆ ಹೋದಾಗ ಸುಮುಖದ ಗಿರಾಕಿಗಳೆಲ್ಲ ಊರು ಬಿಟ್ಟರು. ಅಡುಗೆಭಟ್ಟರೂ ಹೋದರು. ಹೋಟೆಲಿಗೆ ಹೊಸ ಮುಖ ಬೇಕು, ಪೇಂಟರನ್ನು ಕರೆಸುವ ಸ್ಥಿತಿಯಿಲ್ಲ. ಬಾಗಿಲ ಬಳಿಯ ಸ್ಲೇಟಿನಲ್ಲಿ ಆ ದಿನದ ತಿಂಡಿಗಳನ್ನು ಸೀಮೆಸುಣ್ಣದಿಂದ ಬರೆಯುತ್ತಿದ್ದವನು ಸೀನಣ್ಣ, ನೀನೇ ಬರೆದುಬಿಡು ಎಂದರು ದೊಡ್ಡ ಶೆಟ್ಟರು, ಪ್ರಶಾಂತನ ಅಪ್ಪ. ಬೋರ್ಡನ್ನು ಇಳಿಸಿ ಖಾಲಿ ಟೇಬಲುಗಳ ಮೇಲೆ ಮಲಗಿಸಿ, ಗಿರಾಕಿಗಳಿಲ್ಲದ ಹೋಟೆಲಿನಲ್ಲಿ ಅವನು ಬರೆದ. ಅಕ್ಷರ ಬರೆದ ಮೇಲೆ ಬಲಗಡೆ ಜಾಗ ಉಳಿಯಿತು. ಯಾರೂ ಹೇಳದಿದ್ದರೂ ಅಲ್ಲೊಂದು ಚಹಾದ ಕಪ್ಪು ಬರೆದ, ಮೇಲೆ ಹಬೆ. ದೊಡ್ಡ ಶೆಟ್ಟರು ನೋಡಿ, ಹಬೆ ಚೆನ್ನಾಗಿದೆ ಎಂದರಂತೆ. ಈ ಊರಿನಲ್ಲಿ ಅವನು ಕೈಯಾರೆ ಮಾಡಿ ಉಳಿದದ್ದು ಅದೊಂದೇ. ಒರೆಸಿದ ಟೇಬಲು ಮತ್ತೆ ಕೊಳೆಯಾಗುತ್ತದೆ, ಇಟ್ಟ ಪ್ಲೇಟು ಖಾಲಿಯಾಗುತ್ತದೆ. ಹಸಿರು ಬಣ್ಣ ಬಳಿದ ಮೇಲೂ ತನ್ನದು ಅಡಿಯಲ್ಲಿ ಇದೆಯಲ್ಲ ಎಂದು ಅವನಿಗೆ ಸಮಾಧಾನವಿತ್ತು. ಅಜ್ಜನ ಕೆಂಪು ಬೇಕೆಂದರೆ ಈಗ ಅದು ಹೋಗಬೇಕು.

ಈರಣ್ಣ ಚಹಾದ ಗ್ಲಾಸು ಕೆಳಗಿಟ್ಟ. "ಅಜ್ಜಾರ, ಹಾರಿ ಹೋಗಿದ್ದು ತಿರುಗಿ ಬರಂಗಿಲ್ರಿ," ಎಂದ. "ನೀಲಿ ಮ್ಯಾಲೆ ನಿಂದ್ರಸು ಅಂದ್ರ ನಿಂದ್ರಸ್ತೀನಿ. ನೀವ ಬರದೀರಿ ಅಂತ ಮಾಲಕರಿಗೆ ಒಂದ್ ಮಾತು ಹೇಳ್ರಿ, ಅವರೂ ಮನಷ್ಯಾರ ಅದಾರ."

ಪದ್ಧತಿಯಂತೆ ಚೌಕಗಳ ಫೋಟೋ ಪ್ರಶಾಂತನಿಗೆ ಕಳಿಸಿ ವಿಡಿಯೋ ಕಾಲ್ ಮಾಡಿದರು. ಫೋನು ಸೀನಣ್ಣನ ಕೈಯಲ್ಲಿತ್ತು. ಹೇಳುತ್ತಾನೆ, ಈಗ ಹೇಳುತ್ತಾನೆ ಎಂದು ನಾನು ಕಾದೆ.

"ಸೀನಣ್ಣ, ರೆಡ್ ಮಸ್ತ್ ದಿಖ್ ರಹಾ ಹೈ," ಎಂದ ಪ್ರಶಾಂತ. "ಆ ಬ್ಲೂ ವಾಲಾ ಥೋಡಾ ಕಾಮಿಡಿ ಇದೆ, ಅಲ್ವಾ? ತೆಗೀರಿ ತೆಗೀರಿ, ಪೂರಾ ತೆಗೀರಿ."

ನನಗೆ ತಡೆಯಲಾಗಲಿಲ್ಲ, ಫೋನಿಗೆ ಕೈ ಚಾಚಿದೆ. ಸೀನಣ್ಣ ನನ್ನ ಮಣಿಕಟ್ಟು ಹಿಡಿದುಕೊಂಡ. ಪಾತ್ರೆ ಎತ್ತಿ ಎತ್ತಿ ಗಟ್ಟಿಯಾದ ಕೈ, ನೋವಾಯಿತು. ಆಯ್ತು ಸಣ್ಣ ಶೆಟ್ರೆ ಎಂದು ಹೇಳಿ ಫೋನನ್ನು ಈರಣ್ಣನಿಗೆ ಕೊಟ್ಟುಬಿಟ್ಟ.

ಸೀನಣ್ಣ ಕೇಳಿಕೊಂಡದ್ದು ಒಂದೇ. ಮಶೀನು ಇಡೀ ಬೋರ್ಡನ್ನು ಒಟ್ಟಿಗೆ ತೆಗೆಯುವುದಿಲ್ಲ, ಚೌಕ ಚೌಕವಾಗಿ ಹಸಿರಿನಿಂದ ಕೆಂಪಿನವರೆಗೆ ಇಳಿದು ಮುಂದಿನ ಚೌಕಕ್ಕೆ ಸರಿಯುತ್ತದೆ. ಹಾಗಾಗಿ ನೀಲಿ ಬೋರ್ಡು ಪೂರ್ತಿಯಾಗಿ ಯಾರ ಕಣ್ಣಿಗೂ ಬೀಳುವಂತಿರಲಿಲ್ಲ. ಚಹಾದ ಕಪ್ಪು ಇರುವ ಜಾಗಕ್ಕೆ ಬಂದಾಗ ಸ್ವಲ್ಪ ನಿಲ್ಲಿಸಲು ಆಗುತ್ತದೆಯೇ ಎಂದು ಕೇಳಿದ. ಈರಣ್ಣ ಮೊದಲು ಆ ಚೌಕವನ್ನೇ ಹಿಡಿದ. ಹಸಿರು ಹೋಗಿ ಹಳದಿ ಬಣ್ಣದ ಚಹಾದ ಕಪ್ಪು ಎದ್ದಿತು, ಹಿಡಿ ಸ್ವಲ್ಪ ಸೊಟ್ಟ, ಮೇಲೆ ಹಬೆ. ದೊಡ್ಡ ಶೆಟ್ಟರು ಸುಳ್ಳು ಹೇಳಿರಲಿಲ್ಲ, ಹಬೆ ನಿಜಕ್ಕೂ ಚೆನ್ನಾಗಿತ್ತು. ನಾನು ಮೊಬೈಲಿನಲ್ಲಿ ಫೋಟೋ ತೆಗೆದೆ. ಅದರಲ್ಲಿ ಬಂದದ್ದು ಗಾಜಿನಲ್ಲಿ ಕಂಡ ನಮ್ಮಿಬ್ಬರ ಮುಖ ಮಾತ್ರ. ಬಾಗಿಲು ತೆರೆಯಲೇ ಎಂದು ಈರಣ್ಣ ಕೇಳಿದ. ಸೀನಣ್ಣ ಬೇಡವೆಂದು ಕೈಯಾಡಿಸಿದ. ಸಾಸಿವೆಯ ಸದ್ದು ಮತ್ತೆ ಶುರುವಾಯಿತು, ಹಬೆ ಮೊದಲು ಹೋಯಿತು.

ಕೆಲಸ ಮುಗಿಯಲು ಮಾರನೆಯ ದಿನವೂ ಬೇಕಾಯಿತು. ನಾವಿಬ್ಬರೂ ಮತ್ತೆ ಹೋದೆವು. ಕೊನೆಗೆ ಎಡತುದಿಯ ಚೌಕ, ಅಜ್ಜನ ಕಾಲದ ಬಿಳಿಯ ಶ್ರೀ. ಅಲ್ಲಿ ಮಶೀನಿನ ಸದ್ದು ಬದಲಾಯಿತು, ಈರಣ್ಣ ನಿಲ್ಲಿಸಿದ. ಶ್ರೀಯ ತಲೆಯ ಮೇಲೆ ಕಡಲೆಕಾಳಿನಷ್ಟು ಕಪ್ಪು ಕಲೆ. ಒರೆಸಿದರೂ ಹೋಗಲಿಲ್ಲ. ಇದೇನು ಎಂದು ಅವನು ತಲೆ ಕೆರೆದುಕೊಳ್ಳುತ್ತಿರುವಾಗ ಸೀನಣ್ಣನ ಮುಖ ಬದಲಾಯಿತು, ಕಾರಣ ಅವನೇ ಹೇಳಿದ.

ಪ್ರತಿ ಆಯುಧಪೂಜೆಗೆ ಹೋಟೆಲಿನ ರುಬ್ಬುಕಲ್ಲಿನಿಂದ ಹಿಡಿದು ಬೋರ್ಡಿನವರೆಗೆ ಗಂಧ ಕುಂಕುಮ ಇಡುವ ಕೆಲಸ ಅವನದು. ಅಂದು ನೀಲಿ ಬಳಿಯುವ ಮೊದಲು, ಅನ್ನ ಕೊಟ್ಟ ಹೆಸರಿನ ಮೇಲೆ ಬಣ್ಣ ಮೆತ್ತುತ್ತಿದ್ದೇನಲ್ಲ ಎಂದು ಅವನಿಗೆ ಹೆದರಿಕೆಯಾಗಿತ್ತು. ಎಣ್ಣೆಯಲ್ಲಿ ಕುಂಕುಮ ಕಲಸಿ ಶ್ರೀಯ ಮೇಲೊಂದು ಬೊಟ್ಟಿಟ್ಟು, ತಪ್ಪಾಯಿತು ಎಂದು ಕೈಮುಗಿದು, ಅದರ ಮೇಲೆಯೇ ಬಣ್ಣ ಹಚ್ಚಿದ್ದ. ನಿಜವಾದ ಪೇಂಟರ್ ಆಗಿದ್ದರೆ ಎಣ್ಣೆಯ ಮೇಲೆ ಬಣ್ಣ ಬಳಿಯುತ್ತಿರಲಿಲ್ಲ. ಈ ತಪ್ಪು ಮಾಡಲು ಹೋಟೆಲಿನವನೇ ಆಗಬೇಕು. ಆ ಎಣ್ಣೆ ಬಿಳಿಯೊಳಗೆ ಇಳಿದು ಕೂತಿತ್ತು. ಕೆಲವು ಜಾತಿಯ ಕೆಂಪು ಈ ಬೆಳಕು ತಾಗಿದೊಡನೆ ಕಪ್ಪಾಗುತ್ತದೆ, ಅದನ್ನು ತೆಗೆಯಲು ಹೋದರೆ ಅಜ್ಜನ ಶ್ರೀಗೇ ತೂತು ಬೀಳುತ್ತದೆ ಎಂದ ಈರಣ್ಣ. ಹಾಗೇ ಬಿಟ್ಟ. ಮಾಲೀಕರು ಕೇಳಿದರೆ ಮಶೀನಿನ ಕೈಲಾಗಲಿಲ್ಲವೆಂದು ಹೇಳುತ್ತೇನೆ, ಅದೇನು ಸುಳ್ಳಲ್ಲ ಎಂದೂ ಸೇರಿಸಿದ.

ಭಾಂಡುಪ್ ಸ್ಟೇಷನ್ನಿನಿಂದ ಮರಳುವಾಗ ಲೋಕಲ್ಲಿನಲ್ಲಿ ಕೂರಲು ಜಾಗ ಸಿಕ್ಕಿತು. ನಾನು ಎರಡು ದಿನದ ಸಿಟ್ಟನ್ನೆಲ್ಲ ಅವನ ಮೇಲೆ ಕಕ್ಕಿದೆ. ಬಾಯಿದ್ದೂ ಯಾಕೆ ಹೇಳಲಿಲ್ಲ, ಹೇಳಿದ್ದರೆ ಪ್ರಶಾಂತ ಖಂಡಿತ ಉಳಿಸಿಕೊಳ್ಳುತ್ತಿದ್ದ ಎಂದೆ.

"ಉಳ್ಸಿಕೊಳ್ತಿದ್ರು. ಅದಕ್ಕೇ ಹೇಳ್ಲಿಲ್ಲ," ಎಂದ ಸೀನಣ್ಣ. "ಕಾಲು ಹೋದ ಮೇಲೆ ನನ್ನನ್ನು ಇಟ್ಕೊಂಡದ್ದೇ ಪಾಪ ಅಂತ ಮಾಸ್ಟ್ರೆ. ಬೋರ್ಡನ್ನೂ ಪಾಪ ಅಂತ ಇಟ್ಕೊಂಡ್ರೆ ನಾನು ಅದ್ರ ಅಡಿಯಲ್ಲಿ ಹೇಗೆ ಕೂತ್ಕೊಳ್ಳುದು? ಒಂದು ಸಲ ಚೆಂದ ಉಂಟು ಅಂತ ಅವರ ಬಾಯಲ್ಲಿ ಬಂದಿದ್ರೆ ಹೇಳುವ ಅಂತಿದ್ದೆ."

ಘಾಟ್ಕೋಪರ್ ಬಂತು. ನಾನು ಇಳಿಯಬೇಕಿತ್ತು, ಇಳಿಯಲಿಲ್ಲ. ಅವನ ಜೊತೆ ಹೋಟೆಲಿನವರೆಗೂ ಹೋಗಿ, ಅವನು ಅಟ್ಟದ ಏಣಿ ಹತ್ತಿದ ಮೇಲೆ ಮರಳಿ ಬಂದೆ. ಅಂದು ಮನೆಯ ಬೀಗ ತೆಗೆಯಲು ಮನಸ್ಸೇ ಬರಲಿಲ್ಲ.

ಬೋರ್ಡು ಮತ್ತೆ ಬಾಗಿಲ ಮೇಲೇರಿದ್ದು ಆಯುಧಪೂಜೆಯ ಬೆಳಿಗ್ಗೆ. ಕೆಂಪು ಮೈ, ಬಿಳಿ ಅಕ್ಷರ, ನಿಜಕ್ಕೂ ಚೆನ್ನಾಗಿತ್ತು, ಅದನ್ನು ಒಪ್ಪಲೇಬೇಕು. ಐಡಿ ಕಾರ್ಡಿನವರು ಅದರ ಕೆಳಗೆ ನಿಂತು ಫೋಟೋ ತೆಗೆಸಿಕೊಂಡರು. ಪ್ರಶಾಂತನ ಹೆಂಡತಿ ಯಕ್ಷಿತಾ ಮಾತ್ರ ಆ ಕಪ್ಪು ಕಲೆಯನ್ನು ಕಂಡುಹಿಡಿದಳು. ಲೇಸರಿನವನ ಮಿಸ್ಟೇಕ್ ಎಂದ ಪ್ರಶಾಂತ. ಬಿಳಿ ಬಣ್ಣದ ಸಣ್ಣ ಡಬ್ಬಿಯನ್ನೂ ಬ್ರಶ್ಶನ್ನೂ ತಂದು, ಬೇರೆ ಯಾರೂ ಖಾಲಿಯಿಲ್ಲದ್ದರಿಂದ, ಅದನ್ನಷ್ಟು ಮುಚ್ಚಿಬಿಡಿ ಎಂದು ಸೀನಣ್ಣನ ಕೈಗೇ ಕೊಟ್ಟ.

ನಾನು ಸ್ಟೂಲ್ ಹಿಡಿದುಕೊಂಡೆ. ಸೀನಣ್ಣ ಒಂದೊಂದೇ ಕಾಲೆತ್ತಿ ಮೇಲೆ ನಿಂತ. ಕಲೆಯನ್ನು ತುಂಬಾ ಹೊತ್ತು ನೋಡಿದ. ಆಮೇಲೆ ಡಬ್ಬಿಯ ಮುಚ್ಚಳ ತೆರೆಯದೆ ಕೆಳಗೆ ನನ್ನ ಕೈಗೆ ಕೊಟ್ಟು, ಪೂಜೆಯ ತಟ್ಟೆ ಕೊಡಿ ಎಂದ. ಉಂಗುರ ಬೆರಳಿನಿಂದ ಗಂಧ ಹಚ್ಚಿ, ಅದರ ಮೇಲೆ ಕುಂಕುಮ ಇಟ್ಟ. ಕಲೆ ಕಾಣಲಿಲ್ಲ. ಶ್ರೀಯ ಮೇಲೆ ದುಂಡಗಿನ ಬೊಟ್ಟು ಅಲ್ಲೇ ಹುಟ್ಟಿದಂತೆ ಕೂತಿತು.

"ದಿನಾ ಬೆಳಿಗ್ಗೆ ನಾನೇ ಇಡ್ತೇನೆ ಸಣ್ಣ ಶೆಟ್ರೆ," ಎಂದ ಮೇಲಿನಿಂದಲೇ. "ಪೇಂಟ್ ಬೇಡ."

ಪ್ರಶಾಂತ ಹಿಂದೆ ಸರಿದು ನೋಡಿ ಮೆಚ್ಚಿಕೊಂಡ. ಕ್ಯಾ ಬಾತ್ ಹೈ, ಪರ್ಫೆಕ್ಟ್ ಸರ್ಕಲ್ ಎಂದು ಹೆಂಡತಿಗೆ ತೋರಿಸಿದ. ಆಮೇಲೆ ತಲೆಯೆತ್ತಿ, "ಬಹಳ ಚೆಂದ ಇದೆ ಸೀನಣ್ಣ. ನೀವು ಮೊದ್ಲು ಕಭಿ ಬೋರ್ಡ್ ಪೇಂಟಿಂಗ್ ಮಾಡಿದ್ರಾ?" ಎಂದು ಕೇಳಿದ.

ಚೆಂದ ಎಂಬ ಮಾತು ಬಂದೇಬಿಟ್ಟಿತು. ಈಗ ಹೇಳುತ್ತಾನೆ ಎಂದು ನಾನು ತಲೆಯೆತ್ತಿ ನೋಡಿದೆ.

"ಇಲ್ಲ ಸಣ್ಣ ಶೆಟ್ರೆ," ಎಂದ. "ಟೇಬಲ್ ಒರ್ಸಿದ್ದು ಮಾತ್ರ."

ಪ್ರಶಾಂತ ನಕ್ಕು ಒಳಗೆ ಹೋದ. ಸೀನಣ್ಣ ನನ್ನ ಹೆಗಲು ಹಿಡಿದು ಇಳಿದು ಅದೇ ಸ್ಟೂಲಿನ ಮೇಲೆ ಕೂತ. ನನಗೆ ಅಳುವೂ ಸಿಟ್ಟೂ ಒಟ್ಟಿಗೆ ಬಂದವು. ಈಗಲಾದರೂ ಹೇಳಬಹುದಿತ್ತಲ್ಲ, ಅವನೇ ಕೇಳಿದನಲ್ಲ ಎಂದೆ.

ಅವನು ಬೆರಳಿನ ಕುಂಕುಮವನ್ನು ಪಂಚೆಗೆ ಒರೆಸಿಕೊಂಡು ಬಡೇಸೋಪಿನ ಬಟ್ಟಲನ್ನು ಹತ್ತಿರ ಎಳೆದುಕೊಂಡ.

"ಹೌದು ಅಂತ ಹೇಳಿದ್ರೆ ಎಲ್ಲಿ, ತೋರ್ಸಿ ಅಂತಾರೆ ಮಾಸ್ಟ್ರೆ," ಎಂದ. "ಎಂತ ತೋರ್ಸುದು?"